ಆಮದಾಗುವ ಅಗ್ಗದ ವಿದ್ಯುತ್ ಗಿಟಾರುಗಳ ಗುಣಪರೀಕ್ಷೆ

ವಾದ್ಯವೊಂದರ ಗುಣವನ್ನು ಅದರ ಬೆಲೆಯಿಂದ ಅಳೆಯುವುದು ಲೋಕದ ವಾಡಿಕೆ. ಬೆಲೆಯಿಂದ ನಿರ್ಣಯವಾಗದಿದ್ದಾಗ ಅದು ತಯಾರಾದ ದೇಶದ ಹೆಸರಿನಿಂದ ಅಳೆಯುವುದೂ ಉಂಟು. ಈ ಎರಡು ಅಳತೆಗೋಲುಗಳು ಎಷ್ಟರ ಮಟ್ಟಿಗೆ ನಂಬತಕ್ಕವು, ಅವು ಸಾಲದೆ ಹೋದಲ್ಲಿ ಅವುಗಳ ಸ್ಥಾನದಲ್ಲಿ ಯಾವುದನ್ನು ಇಡಬೇಕು ಎಂಬುದನ್ನು ವಿದ್ಯುತ್ ಗಿಟಾರಿನ ನಿದರ್ಶನದಿಂದ ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ವಿಷಯದ ಕಡೆಗೆ ನಮ್ಮ ಗಮನವನ್ನು ಸೆಳೆದದ್ದು ಒಂದು ಸಣ್ಣ ಸಂಗತಿ. ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ತಾನು ಕೊಂಡಿದ್ದ ಅಗ್ಗದ ಗಿಟಾರನ್ನು ಧ್ವನಿಶಾಸ್ತ್ರದ ಪ್ರಯೋಗಶಾಲೆಗೆ ತಂದನು. ಆರು ತಿಂಗಳು ಅಭ್ಯಾಸ ಮಾಡಿದರೂ ಸ್ವರಗಳು ಕೂಡಿಬರುತ್ತಿರಲಿಲ್ಲ. ತನಗೆ ಕಿವಿಯೂ ಇಲ್ಲ, ಕೈಯೂ ಇಲ್ಲ ಎಂದು ನಿಶ್ಚಯಿಸಿಕೊಂಡು, ವಾದ್ಯವನ್ನು ಮಾರುವ ಮುನ್ನ ಕುತೂಹಲಕ್ಕಾಗಿ ಅದನ್ನು ಅಳೆದು ನೋಡಬೇಕೆಂದು ಅವನು ಬಯಸಿದ್ದನು. ಅಳೆದಾಗ ತಿಳಿದದ್ದೇನೆಂದರೆ, ಖಾಲಿ ತಂತಿಗಳು ಶ್ರುತಿಯಲ್ಲಿದ್ದರೂ ಮೊದಲ ಮೂರು ಮೆಟ್ಟಿಲುಗಳಲ್ಲಿ ಪ್ರತಿಯೊಂದು ಸ್ವರವೂ ಏರಿ ನುಡಿಯುತ್ತಿತ್ತು. ಅವನ ಕಿವಿ ಸರಿಯಾಗಿಯೇ ಇತ್ತು. ವಾದ್ಯ ಸುಳ್ಳು ಹೇಳುತ್ತಿತ್ತು. ಆ ದೋಷದ ಸ್ವರೂಪವನ್ನು ಮುಂದೆ ಹೇಳಲಾಗುವುದು.

ಭಾಗಗಳ ಹೆಸರುಗಳ ವಿಷಯದಲ್ಲಿ ಒಂದು ಮಾತು. ನಮ್ಮ ವೀಣೆಯ ದಂಡಿ, ಮೆಟ್ಟಿಲು, ಮೇರು, ಕುದುರೆ, ಬಿರಡೆ ಎಂಬ ಮಾತುಗಳು ಗಿಟಾರಿನ ಅಂಗಗಳಿಗೆ ಚೆನ್ನಾಗಿ ಒಪ್ಪುತ್ತವೆ. ಆದಕಾರಣ ಇಲ್ಲಿ ಅವನ್ನೇ ಬಳಸಿದೆ. ಆದರೆ ಒಂದು ಭೇದವನ್ನು ಮರೆಯಬಾರದು. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಸ್ಥಾನ ತಪ್ಪಿದರೆ ಮೇಳವನ್ನು ಮತ್ತೆ ಕಟ್ಟಬಹುದು. ಗಿಟಾರಿನ ಮೆಟ್ಟಿಲುಗಳನ್ನು ಮರದಲ್ಲಿ ಸೀಳಿದ ಗಾಡಿಗಳಿಗೆ ಬಡಿದು ಕೂರಿಸಿರುತ್ತಾರೆ. ಕಾರ್ಖಾನೆಯಲ್ಲಿ ಆದ ತಪ್ಪು ಅಲ್ಲಿಯೇ ನಿಂತುಬಿಡುತ್ತದೆ.

1. ದೇಶದ ಹೆಸರು ಮತ್ತು ಗುಣ

ಘನಕಾಯದ ವಿದ್ಯುತ್ ಗಿಟಾರು ಅಮೆರಿಕದಲ್ಲಿ ರೂಢಿಗೆ ಬಂದದ್ದು 1950ರ ದಶಕದಲ್ಲಿ. ಫೆಂಡರ್ ಸಂಸ್ಥೆಯ ಟೆಲಿಕಾಸ್ಟರ್ 1951ರಲ್ಲಿ ಆ ಹೆಸರನ್ನು ಪಡೆಯಿತು. ಗಿಬ್ಸನ್ ಸಂಸ್ಥೆಯ ಲೆಸ್ ಪಾಲ್ 1952ರಲ್ಲಿಯೂ ಫೆಂಡರ್ ಸ್ಟ್ರಾಟೊಕಾಸ್ಟರ್ 1954ರಲ್ಲಿಯೂ ಹೊರಬಂದವು. ಇಂದು ಲೋಕದಲ್ಲಿ ತಯಾರಾಗುವ ಅಗ್ಗದ ಗಿಟಾರುಗಳಲ್ಲಿ ಹೆಚ್ಚಿನವು ಈ ಮೂರರ ಸಂತತಿಯೇ. 1960ರ ದಶಕದಲ್ಲಿ ಟೀಸ್ಕೊ, ಗುಯಾಟೋನ್ ಮುಂತಾದ ಜಪಾನೀ ಗಿಟಾರುಗಳು ಅಮೆರಿಕದ ಪೇಟೆಗೆ ಬಂದಾಗ, ಅವನ್ನು ಮಕ್ಕಳ ಆಟಿಕೆಗಳೆಂದು ಎಣಿಸಿದವರು ಬಹುಮಂದಿ. ಆದರೆ ಮುಂದಿನ ದಶಕದಲ್ಲಿ ಜಪಾನೀಯರ ಕೆಲಸ ಎಷ್ಟು ಸುಧಾರಿಸಿತೆಂದರೆ, 1977ರಲ್ಲಿ ಗಿಬ್ಸನ್ನಿನ ಒಡೆತನವಿದ್ದ ನಾರ್ಲಿನ್ ಸಂಸ್ಥೆ ಐಬನೇಜ್ ಗಿಟಾರುಗಳ ಅಮೆರಿಕದ ವಿತರಕರ ಮೇಲೆ ದಾವೆ ಹೂಡಿತು. ದಾವೆಯ ವಿಷಯ ಗುಣವಲ್ಲ, ದಂಡಿಯ ತಲೆಯ ಆಕಾರ. ಕೀಳೆಂದು ಹಳಿಯಲು ಸಾಧ್ಯವಿದ್ದ ಸರಕಿನ ಮೇಲೆ ಯಾರೂ ದಾವೆಯ ಖರ್ಚನ್ನು ಹೊರುವುದಿಲ್ಲ. 1978ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. 1982ರಲ್ಲಿ ಫೆಂಡರ್ ಸಂಸ್ಥೆ ತಾನೇ ಜಪಾನಿನಲ್ಲಿ ಗಿಟಾರುಗಳನ್ನು ಮಾಡಿಸತೊಡಗಿ, ಅಗ್ಗದ ವರ್ಗಕ್ಕೆ ಸ್ಕ್ವೈಯರ್ ಎಂಬ ಹೆಸರನ್ನು ಕೊಟ್ಟಿತು. ಅಂದಿನ ಆ ಅಗ್ಗದ ಗಿಟಾರುಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ತಯಾರಿಕೆ ಒಂದೇ ಕಡೆ ನಿಲ್ಲಲಿಲ್ಲ. 1957ರಲ್ಲಿ ಗಿಬ್ಸನ್ನಿನ ವಶಕ್ಕೆ ಬಂದ ಎಪಿಫೋನ್ ಹೆಸರಿನ ಗಿಟಾರುಗಳ ಪಯಣವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ: 1970ರಲ್ಲಿ ಜಪಾನ್, 1983ರಲ್ಲಿ ಕೊರಿಯ, 2004ರಿಂದ ಚೀನದ ಚಿಂಗ್‌ದಾವ್ ನಗರದ ಸ್ವಂತ ಕಾರ್ಖಾನೆ. ಒಂದು ದೇಶದಲ್ಲಿ ಕೂಲಿ ಏರಿದೊಡನೆ ಕೆಲಸ ಇನ್ನೊಂದು ದೇಶಕ್ಕೆ ಹೋಗುತ್ತದೆ. ಹೀಗೆ ಹೋಗುವುದರಲ್ಲಿ ನೋವೂ ಇದೆ. ಕೊರಿಯದ ಕಾರ್ಟ್ ಸಂಸ್ಥೆ 2007ರಲ್ಲಿ ಸ್ವದೇಶದ ಕಾರ್ಖಾನೆಗಳ ಕೆಲಸಗಾರರನ್ನು ಬಿಡಿಸಿದ ಮೇಲೆ ನಡೆದ ಹೋರಾಟ 2019ರಲ್ಲಿ ಒಪ್ಪಂದವಾಗುವವರೆಗೆ ಸುಮಾರು 12 ವರ್ಷ ಸಾಗಿತು. ಅಗ್ಗವೆಂಬ ಮಾತಿನ ಹಿಂದೆ ಯಾರದೋ ಕೂಲಿಯ ಲೆಕ್ಕವಿರುತ್ತದೆಂಬುದನ್ನು ಕೊಳ್ಳುವವನು ಅರಿತಿರಬೇಕು.

ಇದರಿಂದ ನಾವು ತಿಳಿಯತಕ್ಕದ್ದು ಇಷ್ಟು. ಒಂದು ದೇಶದ ಹೆಸರಿಗೆ ಅಂಟಿದ ಕೀರ್ತಿ ಅಥವಾ ಅಪಕೀರ್ತಿ ವಸ್ತುಸ್ಥಿತಿಗಿಂತ ಹಲವು ವರ್ಷ ಹಿಂದೆ ನಡೆಯುತ್ತಿರುತ್ತದೆ. ಮೇಲಾಗಿ, ಒಂದೇ ಕಾರ್ಖಾನೆ ಹಲವು ಹೆಸರುಗಳಿಗೆ, ಹಲವು ಬೆಲೆಗಳಿಗೆ ಗಿಟಾರುಗಳನ್ನು ಮಾಡಿಕೊಡುತ್ತದೆ. ಆದ್ದರಿಂದ ಪರೀಕ್ಷಿಸಬೇಕಾದದ್ದು ದೇಶವನ್ನಲ್ಲ, ಮಾದರಿಯನ್ನೂ ಅಲ್ಲ, ಕೈಯಲ್ಲಿರುವ ವಾದ್ಯವನ್ನು.

2. ಸ್ವರಸ್ಥಾನಗಳ ಪರೀಕ್ಷೆ

ಗಿಟಾರಿನ ಸ್ಥಾಯಿಯನ್ನು 12 ಸಮಭಾಗಗಳಾಗಿ ವಿಂಗಡಿಸಿದೆ. ಒಂದೊಂದು ಮೆಟ್ಟಿಲಿಗೂ ತಂತಿಯ ಆವೃತ್ತಿ 2ರ ಹನ್ನೆರಡನೆಯ ಮೂಲದಷ್ಟು, ಎಂದರೆ 1.05946 ಪಟ್ಟು ಏರಬೇಕು. ಪ್ರತಿಯೊಂದು ಭಾಗವನ್ನೂ ಮತ್ತೆ 100 ಸೆಂಟುಗಳಾಗಿ ಭಾವಿಸಿದರೆ ಸ್ಥಾಯಿಗೆ 1200 ಸೆಂಟುಗಳಾಗುತ್ತವೆ. ಫೆಂಡರ್ ಮಾದರಿಯ ಗಿಟಾರಿನಲ್ಲಿ ಮೇರುವಿನಿಂದ ಕುದುರೆಗೆ ಇರುವ ತಾತ್ತ್ವಿಕ ಉದ್ದ 25.5 ಅಂಗುಲ, ಅಂದರೆ 647.7 ಮಿಲಿಮೀಟರು. ಈ ಲೆಕ್ಕದಂತೆ ಮೇರುವಿನಿಂದ ಮೊದಲನೆಯ ಮೆಟ್ಟಿಲು 36.4, ಐದನೆಯದು 162.5, ಏಳನೆಯದು 215.4, ಹನ್ನೆರಡನೆಯದು 323.9 ಮಿಲಿಮೀಟರು ದೂರದಲ್ಲಿರಬೇಕು. ಉಕ್ಕಿನ ಅಳತೆಪಟ್ಟಿಯೊಂದಿದ್ದರೆ ಇದನ್ನು ಯಾವ ವಿದ್ಯಾರ್ಥಿಯಾದರೂ ಪರೀಕ್ಷಿಸಬಹುದು.

ಅರ್ಧ ಮಿಲಿಮೀಟರಿನ ತಪ್ಪು ಎಲ್ಲ ಕಡೆಯೂ ಒಂದೇ ಫಲವನ್ನು ಕೊಡುವುದಿಲ್ಲ. ಮೊದಲ ಮೆಟ್ಟಿಲಿನಲ್ಲಿ ಅದು ಸುಮಾರು 1.4 ಸೆಂಟು, ಹನ್ನೆರಡನೆಯದರಲ್ಲಿ 2.7, ಇಪ್ಪತ್ತೊಂದನೆಯದರಲ್ಲಿ 4.5. ನುಡಿಯುವ ಭಾಗ ಕಿರಿದಾದಷ್ಟೂ ಅದೇ ತಪ್ಪು ದೊಡ್ಡದಾಗುತ್ತದೆ. ಸಂತೋಷದ ಸಂಗತಿಯೆಂದರೆ, ಗಣಕದ ನಿಯಂತ್ರಣದಲ್ಲಿ ನಡೆಯುವ ಯಂತ್ರಗಳು ಗಾಡಿಗಳನ್ನು ಸೀಳತೊಡಗಿದ ಮೇಲೆ ಈ ದೋಷ ಅಗ್ಗದ ವಾದ್ಯಗಳಲ್ಲಿಯೂ ಅಪರೂಪವಾಗಿದೆ.

ಆದರೆ ಮೆಟ್ಟಿಲುಗಳು ಸರಿಯಾದ ಸ್ಥಾನದಲ್ಲಿದ್ದ ಮಾತ್ರಕ್ಕೆ ಸ್ವರ ಸರಿಯಾಗುವುದಿಲ್ಲ. ತಂತಿಯನ್ನು ಒತ್ತಿದಾಗ ಅದು ತುಸು ಹಿಗ್ಗಿ, ಬಿಗಿತ ಹೆಚ್ಚಿ, ಸ್ವರ ಏರುತ್ತದೆ. ಇದನ್ನು ಸರಿದೂಗಿಸಲು ಕುದುರೆಯ ಮೇಲೆ ಪ್ರತಿಯೊಂದು ತಂತಿಯ ಆಸರೆಯನ್ನೂ ಸ್ವಲ್ಪ ಹಿಂದಕ್ಕೆ ಸರಿಸಿರಬೇಕು. ಪರೀಕ್ಷೆ ಸುಲಭ. ಹೊಸ ತಂತಿಗಳನ್ನು ಕಟ್ಟಿ, ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಅನುಸ್ವರವನ್ನೂ, ಅಲ್ಲಿಯೇ ಒತ್ತಿ ಮೀಟಿದಾಗ ಬರುವ ಸ್ವರವನ್ನೂ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಆಸರೆಯನ್ನು ಹಿಂದಕ್ಕೂ, ಇಳಿದಿದ್ದರೆ ಮುಂದಕ್ಕೂ ಸರಿಸಬೇಕು. ಒಂದು ಮಿಲಿಮೀಟರಿಗೆ ಸುಮಾರು 2.7 ಸೆಂಟು ವ್ಯತ್ಯಾಸವಾಗುತ್ತದೆ. ಅಂಗಡಿಯಲ್ಲಿ ಈ ಪರೀಕ್ಷೆಯಲ್ಲಿ ಸೋತ ಗಿಟಾರು ಕೆಟ್ಟದ್ದೆಂದು ತಿಳಿಯಬೇಕಾಗಿಲ್ಲ. ಅದನ್ನು ಹದಗೊಳಿಸಿಲ್ಲವೆಂದಷ್ಟೇ ಅರ್ಥ. ಆಸರೆ ತನ್ನ ಹಾದಿಯ ಕೊನೆಯನ್ನು ಮುಟ್ಟಿದ ಮೇಲೂ ಸ್ವರ ಕೂಡದಿದ್ದರೆ ಆಗ ಅನುಮಾನಿಸಬೇಕು.

3. ದಂಡಿ, ಮೆಟ್ಟಿಲು, ಮೇರು

ಗಿಟಾರಿನ ಪ್ರಾಣವಿರುವುದು ದಂಡಿಯಲ್ಲಿ. ತಂತಿಗಳ ಸೆಳೆತಕ್ಕೆ ಅದು ಬಾಗದಂತೆ ಒಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ಅದರ ತಿರುಪಿನಿಂದ ಬಾಗನ್ನು ಹೆಚ್ಚುಕಡಮೆ ಮಾಡಬಹುದು. ತಂತಿಯನ್ನು ಮೊದಲನೆಯ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಒಟ್ಟಿಗೆ ಒತ್ತಿ ಹಿಡಿದರೆ, ಅದೇ ನೇರವಾದ ಅಳತೆಗೋಲಾಗುತ್ತದೆ. ಏಳನೆಯ ಮೆಟ್ಟಿಲಿನ ಮೇಲೆ ಸುಮಾರು 0.25 ಮಿಲಿಮೀಟರಿನ ಸಂದು ಕಂಡರೆ ದಂಡಿ ಹದವಾಗಿದೆ. ಹೆಚ್ಚಿದ್ದರೂ ಇಲ್ಲದಿದ್ದರೂ ತಿರುಪಿನಿಂದ ಸರಿಪಡಿಸಬಹುದು. ತಿರುಪು ತಿರುಗದಿದ್ದರೆ, ಅಥವಾ ತುದಿಯಿಂದ ನೋಡಿದಾಗ ದಂಡಿ ಹುರಿಗೊಂಡಂತೆ ತಿರುಚಿದ್ದರೆ, ಎಷ್ಟು ಅಗ್ಗವಾದರೂ ಆ ವಾದ್ಯವನ್ನು ಬಿಡುವುದೇ ಲೇಸು.

ಮೆಟ್ಟಿಲುಗಳ ಸಮತೆಯನ್ನು ಒಂದೊಂದು ತಂತಿಯ ಒಂದೊಂದು ಮೆಟ್ಟಿಲನ್ನೂ ನುಡಿಸಿಯೇ ತಿಳಿಯಬೇಕು. ಎಲ್ಲಿಯಾದರೂ ಸ್ವರ ಸತ್ತರೆ ಅಥವಾ ಕರಕರ ಸದ್ದು ಬಂದರೆ ಮುಂದಿನ ಮೆಟ್ಟಿಲು ಎತ್ತರವಾಗಿದೆಯೆಂದು ತಿಳಿಯಬಹುದು. ಮೂರು ಮೆಟ್ಟಿಲುಗಳ ಮೇಲೆ ನಿಲ್ಲುವ ಗಿಡ್ಡ ಪಟ್ಟಿಯನ್ನಿಟ್ಟು ನೋಡಿದರೆ ಅದು ನಡುವಿನ ಎತ್ತರದ ಮೇಲೆ ತೂಗಾಡುತ್ತದೆ. ಬೆಲೆಯ ಅಂತರ ನಿಜವಾಗಿ ಕಾಣುವುದು ಇಲ್ಲಿಯೇ. ಯಂತ್ರ ಕಾಯವನ್ನು ಕೊರೆಯಬಲ್ಲುದು. ಮೆಟ್ಟಿಲುಗಳ ಅಂಚನ್ನು ಅರದಿಂದ ನಯಗೊಳಿಸುವ ಕೆಲಸ ಬಹುಮಟ್ಟಿಗೆ ಮನುಷ್ಯನ ಕೈಯದು. ಅಗ್ಗದ ವಾದ್ಯದಲ್ಲಿ ಉಳಿತಾಯವಾಗುವುದು ಆ ಕೈಯ ಸಮಯವೇ. ತೇವದ ನಾಡಿನಲ್ಲಿ ತಯಾರಾದ ಗಿಟಾರು ಒಣ ಹವೆಗೆ ಬಂದಾಗ ಮರ ಕುಗ್ಗಿ ಮೆಟ್ಟಿಲಿನ ತುದಿಗಳು ಹೊರಚಾಚುವುದೂ ಉಂಟು. ದಂಡಿಯ ಅಂಚಿನಲ್ಲಿ ಬೆರಳಾಡಿಸಿದರೆ ಇದು ತಿಳಿಯುತ್ತದೆ.

ಮೇಲೆ ಹೇಳಿದ ವಿದ್ಯಾರ್ಥಿಯ ಗಿಟಾರಿನ ದೋಷವಿದ್ದದ್ದು ಮೇರುವಿನಲ್ಲಿ. ಅದರ ಗಾಡಿಗಳನ್ನು ಸಾಕಷ್ಟು ಆಳವಾಗಿ ಕೊರೆದಿರಲಿಲ್ಲ. ತಂತಿ ಮೊದಲ ಮೆಟ್ಟಿಲಿನ ಮೇಲೆ ಅತಿ ಎತ್ತರದಲ್ಲಿದ್ದುದರಿಂದ, ಅದನ್ನು ಕೆಳಗೆ ಒತ್ತುವಾಗ ಬಿಗಿತ ಮಿತಿಮೀರಿ ಸ್ವರ ಏರುತ್ತಿತ್ತು. ಹೊಸಬನು ಮೊದಲು ಕಲಿಯುವ ಪಾಠಗಳೆಲ್ಲ ಈ ಮೆಟ್ಟಿಲುಗಳಲ್ಲಿಯೇ ಇರುವುದರಿಂದ ಇದು ಕಲಿಯುವವನಿಗೆ ಅತ್ಯಂತ ಕ್ರೂರವಾದ ದೋಷ. ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿ ಹಿಡಿದಾಗ ಮೊದಲನೆಯದರ ಮೇಲೆ ಒಂದು ಕಾಗದದ ದಪ್ಪದಷ್ಟು ಸಂದು ಉಳಿದರೆ ಸಾಕು. ತಂತಿ ಶ್ರುತಿಯಲ್ಲಿ ನಿಲ್ಲದಿದ್ದಾಗ ಜನ ಬಿರಡೆಯನ್ನು ಬೈಯುತ್ತಾರೆ. ಅನೇಕ ವೇಳೆ ಅಪರಾಧಿ ತಂತಿಯನ್ನು ಹಿಡಿದುಕೊಳ್ಳುವ ಮೇರುವಿನ ಗಾಡಿಯೇ ಆಗಿರುತ್ತದೆ.

4. ಪಿಕಪ್ ಮತ್ತು ಮರ

ತಂತಿಯ ಕೆಳಗಿರುವ ಪಿಕಪ್ಪು ಕಾಂತದ ಸುತ್ತ ಸುತ್ತಿದ ತೆಳುವಾದ ತಾಮ್ರದ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಒಂಟಿ ಸುರುಳಿ ಮನೆಯ ವಿದ್ಯುತ್ತಿನ 50 ಆವರ್ತಗಳ ಗುಂಯ್ಗುಡುವಿಕೆಯನ್ನೂ ಹಿಡಿಯುತ್ತದೆ. ಇದು ಆ ರಚನೆಯ ಸ್ವಭಾವ, ಅಗ್ಗತನದ ಲಕ್ಷಣವಲ್ಲ. ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಇದನ್ನು ಅಡಗಿಸುವ ಉಪಾಯಕ್ಕೆ ಗಿಬ್ಸನ್ ಸಂಸ್ಥೆಯ ಸೆತ್ ಲವರ್ 1955ರಲ್ಲಿ ಅರ್ಜಿ ಹಾಕಿ 1959ರಲ್ಲಿ ಪೇಟೆಂಟು ಪಡೆದನು. ತಂತಿಯನ್ನು ಮುಟ್ಟಿದಾಗ ಗುಂಯ್ಗುಡುವಿಕೆ ತಗ್ಗಿದರೆ ಒಳಗಿನ ಭೂಸಂಪರ್ಕ ಸರಿಯಾಗಿದೆ, ಹೆಚ್ಚಿದರೆ ತಪ್ಪಿದೆ. ವಾಲ್ಯೂಮ್ ಗುಂಡಿಯನ್ನು ತಿರುಗಿಸುವಾಗ ಗರಗರ ಸದ್ದು ಬಂದರೆ ಸ್ವಲ್ಪ ಹಣದಲ್ಲಿ ಅದನ್ನು ಬದಲಾಯಿಸಬಹುದು.

ಮರದ ವಿಷಯದಲ್ಲಿ ಪೇಟೆಯ ಮಾತು ಹೆಚ್ಚು, ಪ್ರಮಾಣ ಕಡಮೆ. ಘನಕಾಯದ ಗಿಟಾರಿನಲ್ಲಿ ಸ್ವರವನ್ನು ಹಿಡಿಯುವುದು ಪಿಕಪ್ಪೇ ಹೊರತು ಕಾಯದ ಪೊಟರೆಯಲ್ಲ. ಅಗ್ಗದ ಗಿಟಾರಿನ ಕಾಯ ಪಾಪ್ಲರ್ ಮರದ್ದೆಂಬ ಒಂದೇ ಕಾರಣಕ್ಕೆ ಅದನ್ನು ತಿರಸ್ಕರಿಸುವುದು ಯುಕ್ತವಲ್ಲ. ಬೆರಳು ಹಲಗೆಯ ಕಥೆ ಮಾತ್ರ ನಮ್ಮ ನಾಡಿಗೂ ಸಂಬಂಧಿಸಿದೆ. ಗಿಟಾರು ತಯಾರಕರು ಬಹುಕಾಲದಿಂದ ಬಳಸುವ ಬೀಟೆಯ ಜಾತಿಗಳಲ್ಲಿ ಒಂದು ಪಶ್ಚಿಮ ಘಟ್ಟಗಳದು. ಜಾವಾ ದ್ವೀಪದಲ್ಲಿಯೂ ಅದನ್ನು ಬೆಳೆಸುತ್ತಾರೆ. 2017ರ ಜನವರಿ 2ರಿಂದ ಆ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟವು. 2019ರ ನವೆಂಬರಿನಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರಕಿತು. ಈ ನಡುವೆ ಅಗ್ಗದ ಗಿಟಾರುಗಳ ಹಲಗೆಗೆ ಬಂದ ‘ಇಂಡಿಯನ್ ಲಾರೆಲ್’ ಬೇರೆ ಯಾವುದೂ ಅಲ್ಲ, ನಮ್ಮ ಕಾಡುಗಳ ಮತ್ತಿಯ ಮರ. ಗಟ್ಟಿಯಾದ ಮತ್ತಿ ಬೀಟೆಗಿಂತ ಬೇರೆಯಾದದ್ದು ನಿಜ. ಬೇರೆಯಾದ ಮಾತ್ರಕ್ಕೆ ಕೀಳಲ್ಲ.

5. ಉಪಸಂಹಾರ

ಕಂಡುಬಂದ ದೋಷಗಳನ್ನು ಮೂರು ವರ್ಗಗಳಲ್ಲಿ ಇರಿಸಿದರೆ ನಿರ್ಣಯ ಸುಲಭವಾಗುತ್ತದೆ. ದಂಡಿಯ ಬಾಗು, ತಂತಿಯ ಎತ್ತರ, ಆಸರೆಯ ಸ್ಥಾನ, ಪಿಕಪ್ಪಿನ ಎತ್ತರ ಇವು ತಿರುಪುಳಿಯಿಂದ ತೀರುವಂಥವು. ಇವನ್ನು ದೋಷವೆಂದೇ ಎಣಿಸಬೇಕಾಗಿಲ್ಲ. ಮೇರು, ಮೆಟ್ಟಿಲಿನ ಸಮತೆ ಮತ್ತು ಅಂಚು, ಬಿರಡೆ, ಗುಂಡಿ ಇವು ಕುಶಲಿಯ ಕೈಯಿಂದ ತೀರುವಂಥವು. ಅವನ ಕೂಲಿಯನ್ನು ಬೆಲೆಗೆ ಕೂಡಿಸಿ ನೋಡಬೇಕು. ತಿರುಚಿದ ದಂಡಿ, ಕೆಲಸಮಾಡದ ಸರಳು, ತಪ್ಪಾಗಿ ಸೀಳಿದ ಗಾಡಿಗಳು ಇವು ತೀರದಂಥವು. ಮೂರನೆಯ ವರ್ಗದ ದೋಷ ಒಂದೂ ಇಲ್ಲದೆ, ಎರಡನೆಯ ವರ್ಗದ ಖರ್ಚು ಕೂಡಿದ ಮೇಲೂ ಬೆಲೆ ಕೈಗೆಟಕುವಂತಿದ್ದರೆ, ಆ ಗಿಟಾರು ಯಾವ ದೇಶದಿಂದ ಬಂದಿದ್ದರೂ ಕಲಿಯಲು ಯೋಗ್ಯವಾದದ್ದೇ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ವಿವೇಚನೆ ಏಕೆಂದು ಕೇಳಬಹುದು. ದುಬಾರಿ ವಾದ್ಯವನ್ನು ಕೊಳ್ಳಬಲ್ಲವನಿಗೆ ಈ ಪರೀಕ್ಷೆಗಳ ಅಗತ್ಯ ಕಡಮೆ. ಅವನ ಪರವಾಗಿ ಯಾರೋ ಇವನ್ನು ಮಾಡಿರುತ್ತಾರೆ. ಅಗ್ಗದ್ದನ್ನೇ ಕೊಳ್ಳಬೇಕಾದವನಿಗೆ ಜ್ಞಾನವೇ ಆ ಕೊರತೆಯನ್ನು ತುಂಬಬೇಕು. ನಮ್ಮ ವಿದ್ಯಾರ್ಥಿಯ ಗಿಟಾರಿನ ಮೇರುವನ್ನು ಸಣ್ಣ ಅರದಿಂದ ಹದಗೊಳಿಸಲು ಅರ್ಧ ಗಂಟೆ ಹಿಡಿಯಿತು. ವಾದ್ಯದ ತಪ್ಪನ್ನು ತನ್ನ ತಪ್ಪೆಂದು ನಂಬಿ ಅವನು ಕಳೆದದ್ದು ಆರು ತಿಂಗಳು. ಅವನು ಆ ಗಿಟಾರನ್ನು ಮಾರಲಿಲ್ಲ.