ಬೆಂಕಿ ಬೇಡದ ಬರ್ಲಿ ತಂಬಾಕು

ತಂಬಾಕು ಎಂದೊಡನೆ ಕನ್ನಡಿಗರ ಕಣ್ಮುಂದೆ ಬರುವುದು ಹುಣಸೂರು, ಪಿರಿಯಾಪಟ್ಟಣಗಳ ಬ್ಯಾರನ್‌ಗಳು ಹಾಗೂ ಅವುಗಳ ಪಕ್ಕದ ಸೌದೆ ರಾಶಿ. ಅಲ್ಲಿನ ವರ್ಜೀನಿಯಾ ಎಲೆ ಬ್ಯಾರನ್‌ನ ಶಾಖದಲ್ಲಿ ಸುಮಾರು ಒಂದು ವಾರದಲ್ಲಿ ಹದಗೊಳ್ಳುತ್ತದೆ. ಬರ್ಲಿ ಎಂಬ ಇನ್ನೊಂದು ಬಗೆಯ ತಂಬಾಕಿಗೆ ಬೆಂಕಿಯೇ ಬೇಡ. ನೆರಳು ಮತ್ತು ಗಾಳಿ ಸಾಕು. ಹಾಗಿದ್ದರೆ ನಮ್ಮ ರೈತರೂ ಸೌದೆ ಉರಿಸದೆ ಎಲೆ ಹದಗೊಳಿಸಬಾರದೇಕೆ?

ಬರ್ಲಿಯ ತವರು ಅಮೆರಿಕ. ಕೆಂಟಕಿಯಿಂದ ತಂದ ಬೀಜ ಬಿತ್ತಿದ್ದ ಓಹಿಯೊದ ಬ್ರೌನ್ ಕೌಂಟಿಯಲ್ಲಿ 1864ರಲ್ಲಿ ಬಿಳಿಚಿಕೊಂಡ ಸಸಿಗಳು ಕಂಡುಬಂದವು. ಪತ್ರಹರಿತ್ತು ಕಡಿಮೆಯಿದ್ದ ಆ ಸಸಿಗಳಿಂದಲೇ ಬಿಳಿ ಬರ್ಲಿ ತಳಿ ಬೆಳೆಯಿತು. ಇಂದು ಆಫ್ರಿಕಾದ ಮಲಾವಿಯಲ್ಲಿ ಇದು ಪ್ರಮುಖ ರಫ್ತು ಬೆಳೆ. ನೆರೆಯ ಆಂಧ್ರಪ್ರದೇಶದ ವಿನುಕೊಂಡ ಭಾಗದಲ್ಲಿಯೂ ಬೆಳೆಯುತ್ತಾರೆ.

ಬರ್ಲಿಗೆ ಸಾರಜನಕ ಗೊಬ್ಬರ ಹೆಚ್ಚು ಬೇಕು. ಹೂ ಬಿಡುವ ಹೊತ್ತಿಗೆ ಕುಡಿ ಚಿವುಟಿ, ಕಂಕುಳಲ್ಲಿ ಒಡೆಯುವ ಚಿಗುರನ್ನು ತಡೆಯಬೇಕು. ವರ್ಜೀನಿಯಾ ಎಲೆಯನ್ನು ಮಾಗಿದಂತೆಲ್ಲ ಬಿಡಿಸಿದರೆ, ಕೆಂಟಕಿಯ ರೈತರು ಬರ್ಲಿ ಗಿಡವನ್ನೇ ಬುಡಸಮೇತ ಕಡಿಯುತ್ತಾರೆ. ಐದಾರು ಗಿಡಗಳನ್ನು ಒಂದು ಕೋಲಿಗೆ ಪೋಣಿಸಿ, ಕೆಲದಿನ ಬಾಡಿಸಿ, ಗಾಳಿಯಾಡುವ ಎತ್ತರದ ಕೊಟ್ಟಿಗೆಯಲ್ಲಿ ಸಾಲುಸಾಲಾಗಿ ತೂಗುಹಾಕುತ್ತಾರೆ. ಅಲ್ಲಿಂದ ಆರರಿಂದ ಎಂಟು ವಾರಗಳ ಕಾಯುವಿಕೆ.

ಇದು ಬರಿಯ ಒಣಗಿಸುವಿಕೆಯಲ್ಲ. ಕಡಿದ ಎಲೆಯೂ ಕೆಲಕಾಲ ಉಸಿರಾಡುತ್ತ ತನ್ನೊಳಗಿನ ಪಿಷ್ಟ, ಸಕ್ಕರೆಗಳನ್ನು ಕರಗಿಸಿಕೊಳ್ಳುತ್ತದೆ. ಹಸಿರು ಹಳದಿಯಾಗಿ, ಕೊನೆಗೆ ಕಂದಾಗುತ್ತದೆ. ಗಾಳಿ ತೀರ ಒಣಗಿದ್ದರೆ ಎಲೆ ಅವಸರದಲ್ಲಿ ಒಣಗಿ ಹಸಿರು, ಹಳದಿ ಬಣ್ಣಗಳು ಹಾಗೆಯೇ ಉಳಿಯುತ್ತವೆ. ತೇವ ಹೆಚ್ಚಿದರೆ ಕೊಳೆಯುತ್ತದೆ. ಕೊಟ್ಟಿಗೆಯ ಕಿಂಡಿಗಳನ್ನು ತೆರೆದು ಮುಚ್ಚುವುದಷ್ಟೇ ರೈತನ ಕೈಯಲ್ಲಿರುವ ಉಪಾಯ.

ಮೇಲಿನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಬ್ಯಾರನ್‌ನ ಶಾಖವು ಎಲೆಯ ಉಸಿರಾಟವನ್ನು ಬೇಗ ನಿಲ್ಲಿಸಿ ಸಕ್ಕರೆಯನ್ನು ಉಳಿಸುತ್ತದೆ. ವರ್ಜೀನಿಯಾಕ್ಕೆ ಬೆಲೆ ಬರುವುದೇ ಆ ಸಿಹಿ ಮತ್ತು ಹಳದಿ ಬಣ್ಣದಿಂದ. ನೆರಳಿನಲ್ಲಿ ತೂಗುಹಾಕಿದರೆ ಅವೆರಡೂ ಹೋಗುತ್ತವೆ. ಬರ್ಲಿಯಲ್ಲಿ ಸಕ್ಕರೆ ಬಹುತೇಕ ಉಳಿಯದು. ಅದು ರಸ, ಸುವಾಸನೆಗಳನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಸಿಗರೇಟು ಮಿಶ್ರಣಗಳಲ್ಲಿ ಬಳಕೆಯಾಗುತ್ತದೆ.

ಬೆಂಕಿ ಇಲ್ಲವೆಂದ ಮಾತ್ರಕ್ಕೆ ಬರ್ಲಿ ನಿರಪಾಯವಲ್ಲ. ಒದ್ದೆ ಎಲೆ ಮುಟ್ಟಿದ ಕೂಲಿಯಾಳುಗಳ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ತರುತ್ತದೆ. ಮರವೂ ಪೂರ್ತಿ ಉಳಿಯದು, ಕೊಟ್ಟಿಗೆಗೆ ಕಂಬ ಬೇಕು. ಸೌದೆಯ ಸಮಸ್ಯೆಗೆ ಪರಿಹಾರವನ್ನು ಉತ್ತಮ ಒಲೆ, ಬದಲಿ ಇಂಧನ ಅಥವಾ ಬೇರೆ ಬೆಳೆಯಲ್ಲಿ ಹುಡುಕಬೇಕೇ ಹೊರತು ಎಲೆಯನ್ನು ಗಾಳಿಗೆ ತೂಗುಹಾಕುವುದರಲ್ಲಿ ಅಲ್ಲ.