ಗಾಲಿಯೊಳಗಿನ ಮೋಟಾರು



ನಮ್ಮೂರಾಗ ಈಗ ಬ್ಯಾಟರಿ ಸೈಕಲ್ಲಿನ ಮಾತು ಜೋರಾಗಿದೆ. ಹೊಸ ಸೈಕಲ್ಲಲ್ಲ, ಮನೆಯಲ್ಲಿದ್ದ ಹಳೇ ಸೈಕಲ್ಲಿಗೇ ಮೋಟಾರು ಹಚ್ಚಿಸುವುದು. 2006-07ರಿಂದ ಸರಕಾರ ಎಂಟನೇ ವರ್ಗದವರಿಗೆ ಸೈಕಲ್ಲು ಕೊಡತೊಡಗಿತಲ್ಲ, ನಮ್ಮ ಅಕ್ಕ ಅಣ್ಣಂದಿರು ಓಡಿಸಿ ಬಿಟ್ಟ ಅಂಥ ಸೈಕಲ್ಲುಗಳು ಎಷ್ಟೋ ಮನೆಯ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿವೆ. ಡೇರಿಗೆ ಹಾಲು ಹಾಕುವವರು, ಮೊಣಕಾಲು ನೋವಿದ್ದರೂ ದಿನಾ ಹೊಲಕ್ಕೆ ಹೋಗಲೇಬೇಕೆನ್ನುವ ಅಜ್ಜಂದಿರು ಅವನ್ನು ಹೊರಗೆ ತೆಗೆಯುತ್ತಿದ್ದಾರೆ. ನಮ್ಮ ಮಾಮಾ ಸೈಕಲ್ ಅಂಗಡಿ ಇಟ್ಟಾರ. ಅಲ್ಲಿ ರಜೆಯ ದಿನ ಪಾನಾ ಹಿಡಿದು ಕೊಡುತ್ತ ನೋಡಿದ್ದನ್ನು, ವಿಜ್ಞಾನದ ಸರ್ ಅವರಿಗೆ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿರುವೆ.

ಬರೆಯಲು ಇನ್ನೊಂದು ಕಾರಣವೂ ಉಂಟು. ಹೋದ ಮಳೆಗಾಲದಲ್ಲಿ ಪಕ್ಕದ ಊರಿನ ಹಾಲಿನವರೊಬ್ಬರ ಮುಂದಿನ ಗಾಲಿ ಓಡುತ್ತಿರುವಾಗಲೇ ಕಳಚಿತು. ಬಿದ್ದು ಕೈ ಮುರಿದುಕೊಂಡರು. ಎರಡು ತಿಂಗಳು ಅವರ ಹೆಂಡತಿ ಮಕ್ಕಳೇ ಕ್ಯಾನು ಹೊತ್ತರು. ಕಿಟ್ ಕೆಟ್ಟದ್ದಾಗಿರಲಿಲ್ಲ, ಹಚ್ಚಿದ ರೀತಿ ಸರಿ ಇರಲಿಲ್ಲ.

ಮೊದಲು ಈ ಮೋಟಾರು ಹೇಗೆ ತಿರುಗುತ್ತದೆ ನೋಡೋಣ. ನಮ್ಮ ವರ್ಗದ ಮೇಲಿನ ಫ್ಯಾನು ನೋಡಿರಿ. ಅದರ ನಡುವಿನ ಸರಳು ತಿರುಗುವುದಿಲ್ಲ, ಹೊರಗಿನ ಬುರುಡೆ ತಿರುಗುತ್ತದೆ. ಹಬ್ ಮೋಟಾರೂ ಹಾಗೇ. ಗಾಲಿಯ ಅಚ್ಚು ಮತ್ತು ಅದಕ್ಕೆ ಅಂಟಿದ ತಾಮ್ರದ ಸುರುಳಿಗಳು ನಿಂತಲ್ಲೇ ಇರುತ್ತವೆ. ಸುತ್ತಲೂ ಆಯಸ್ಕಾಂತಗಳನ್ನು ಅಂಟಿಸಿದ ಉಂಗುರ ತಿರುಗುತ್ತದೆ. ಯಾವ ಸುರುಳಿಗೆ ಯಾವಾಗ ಕರೆಂಟು ಕೊಡಬೇಕೆಂದು ಕಂಟ್ರೋಲರ್ ಎಂಬ ಸಣ್ಣ ಡಬ್ಬಿ ನಿರ್ಧರಿಸುತ್ತದೆ. ಆಯಸ್ಕಾಂತ ಎಲ್ಲಿದೆ ಎಂದು ಅದಕ್ಕೆ ತಿಳಿಸಲು ಒಳಗೆ ಮೂರು ಹಾಲ್ ಸೆನ್ಸಾರ್‌ಗಳಿರುತ್ತವೆ. ಸಣ್ಣ ಮೋಟಾರುಗಳಲ್ಲಿ ಒಳಗೇ ಹಲ್ಲಿನ ಗಾಲಿಗಳೂ ಇದ್ದು, ಮೋಟಾರಿನ ವೇಗ ಇಳಿಸಿ ಬಲ ಹೆಚ್ಚಿಸುತ್ತವೆ. ಗಾಲಿಯೊಳಗೆ ಮೋಟಾರು ಇಡುವ ವಿಚಾರ ಹೊಸದಲ್ಲ. ಅಮೇರಿಕದ ಆಗ್ಡನ್ ಬೋಲ್ಟನ್ ಎಂಬವರು 1895ರ ಡಿಸೆಂಬರ್ 31ರಂದೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಅವರ ಬ್ಯಾಟರಿ 10 ವೋಲ್ಟಿನದು, ಮೋಟಾರು 100 ಆಂಪಿಯರ್‌ವರೆಗೆ ಕರೆಂಟು ಎಳೆಯುತ್ತಿತ್ತಂತೆ! ಆ ಕಾಲದ ಬ್ಯಾಟರಿಯ ಭಾರ ಎಷ್ಟಿರಬಹುದು ನೀವೇ ಯೋಚಿಸಿರಿ.

ಈಗ ಮುಖ್ಯ ವಿಷಯ. ಫ್ಯಾನು ಒಂದು ದಿಕ್ಕಿಗೆ ತಿರುಗಿದರೆ ಸರಳು ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಸೈಕಲ್ಲಿನಲ್ಲಿ ಅಚ್ಚು ತಿರುಗದಂತೆ ತಡೆಯುವುದು ಫೋರ್ಕಿನ ತುದಿಯ ಸೀಳು ಮಾತ್ರ. ಅದಕ್ಕೆ ಅಚ್ಚಿನ ಎರಡು ಬದಿ ಚಪ್ಪಟೆ ಮಾಡಿರುತ್ತಾರೆ. ಏರಿನಲ್ಲಿ ಮೋಟಾರು ಟೈರಿನ ಅಂಚಿನಲ್ಲಿ 10 ಕೆ.ಜಿ.ಯಷ್ಟು ಬಲ ಹಾಕುತ್ತದೆ ಎಂದುಕೊಳ್ಳಿರಿ. ಅಂಚು ನಡುವಿನಿಂದ ಸುಮಾರು 350 ಮಿ.ಮೀ. ದೂರ. ಅಚ್ಚಿನ ಚಪ್ಪಟೆ ಬದಿ ಸೀಳಿಗೆ ತಾಗುವುದು ನಡುವಿನಿಂದ ಹೆಚ್ಚೆಂದರೆ 5 ಮಿ.ಮೀ. ದೂರದಲ್ಲಿ. ಸನ್ನೆಗೋಲಿನ ಪಾಠದ ಲೆಕ್ಕ ಹಾಕಿರಿ. 350ನ್ನು 5ರಿಂದ ಭಾಗಿಸಿದರೆ 70. ಹತ್ತು ಕೆ.ಜಿ. ಅಲ್ಲಿ 700 ಕೆ.ಜಿ. ಆಯಿತು! ಫೋರ್ಕಿನ ಎರಡು ಕಾಲಿಗೆ ಹಂಚಿದರೂ ಒಂದೊಂದಕ್ಕೆ 350. ಬರೀ ಗಾಲಿ ಹಿಡಿಯಲೆಂದು ಮಾಡಿದ ತೆಳು ತಗಡಿನ ಸೀಳು ಇಷ್ಟನ್ನು ದಿನಾ ತಡೆಯುವುದು ಕಷ್ಟ. ಸೀಳು ಅಗಲವಾಗುತ್ತದೆ, ಅಚ್ಚು ಗರ್ರನೆ ತಿರುಗುತ್ತದೆ, ಅಚ್ಚಿನೊಳಗಿಂದ ಬಂದ ವಾಯರ್ ಸುತ್ತಿ ಹರಿಯುತ್ತದೆ, ನಟ್ಟು ಸಡಿಲಾಗಿ ಗಾಲಿ ಹೊರಗೆ ಬರುತ್ತದೆ. ಹಾಲಿನವರಿಗೆ ಆದದ್ದು ಇದೇ.

ಇದಕ್ಕೆ ಮದ್ದು ಟಾರ್ಕ್ ಆರ್ಮ್. ಅಂಗೈಯಷ್ಟು ಉದ್ದದ ದಪ್ಪ ಉಕ್ಕಿನ ಪಟ್ಟಿ ಅದು. ಒಂದು ತುದಿಯ ತೂತು ಅಚ್ಚಿನ ಚಪ್ಪಟೆ ಬದಿಗೆ ಬಿಗಿಯಾಗಿ ಕೂಡಬೇಕು, ಇನ್ನೊಂದು ತುದಿಯನ್ನು ಫೋರ್ಕಿನ ಕಾಲಿಗೆ ಕ್ಲಾಂಪಿನಿಂದ ಕಟ್ಟಬೇಕು. ಕಿಟ್ಟಿನಲ್ಲಿ ಬರದಿದ್ದರೆ ಲೇಥ್ ಅಂಗಡಿಯಲ್ಲಿ ಮಾಡಿಸಬಹುದು. ಮಾಮಾ ಗಿರಾಕಿಗಳಿಗೆ ಹೇಳೋದು ಇಷ್ಟ: “ಪಟ್ಟಿ ಬ್ಯಾಡ ಅಂದ್ರ ಮೋಟಾರೂ ಬ್ಯಾಡ, ಸೈಕಲ್ಲ ತಗೊಂಡ ಹೋಗ್ರಿ.”

ಹಳೇ ಸೈಕಲ್ಲಿನ ಮುಂದಿನ ಸೀಳು ಮೋಟಾರಿನ ಅಚ್ಚಿಗಿಂತ ಸಣ್ಣದಿರುತ್ತದೆ. ಅಚ್ಚಿನ ಚಪ್ಪಟೆ ಬದಿಗಳ ಅಳತೆ ಸಾಮಾನ್ಯವಾಗಿ 10 ಮಿ.ಮೀ. ಅರ ಹಿಡಿದು ಎರಡೂ ಕಡೆ ಸಮನಾಗಿ, ತುಸು ತುಸುವೇ ಉಜ್ಜಿ ಮತ್ತೆ ಮತ್ತೆ ಅಚ್ಚು ಕೂಡಿಸಿ ನೋಡಬೇಕು. ಅವಸರ ಮಾಡಿ ಗ್ರೈಂಡರ್ ಹಿಡಿದರೆ ಸೀಳು ಸೊಟ್ಟಗಾಗಿ ಗಾಲಿ ಒಂದು ಬದಿಗೆ ವಾಲುತ್ತದೆ. ಫೋರ್ಕು ಉಕ್ಕಿನದೇ ಆಗಿರಬೇಕು. ಸ್ಪ್ರಿಂಗ್ ಇರುವ ಅಲ್ಯೂಮಿನಿಯಂ ಫೋರ್ಕಿಗೆ ಮುಂದಿನ ಮೋಟಾರು ಬೇಡವೇ ಬೇಡ. ಅದು ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತದೆ.

ಇನ್ನೊಂದು ಪೇಚು ಬ್ರೇಕಿನದು, ಇದನ್ನು ಬಹಳ ಮಂದಿ ನೋಡುವುದೇ ಇಲ್ಲ. ನಮ್ಮ ಅಜ್ಜಂದಿರ ಕಾಲದ ಸೈಕಲ್ಲುಗಳಿಗೆ ಸರಳಿನ ಬ್ರೇಕು. ಅದರ ರಬ್ಬರು ರಿಮ್ಮಿನ ಒಳಮೈಗೆ ತಾಗಿ ಗಾಲಿ ನಿಲ್ಲಿಸುತ್ತದೆ. ಕಿಟ್ಟಿನ ರಿಮ್ಮು ಬದಿಯಿಂದ ಒತ್ತುವ ಬ್ರೇಕಿಗೆ ಮಾಡಿದ್ದು, ಅದರ ಒಳಮೈ ಬೇರೆ. ಹಾಗಾಗಿ ಮೋಟಾರು ಹಚ್ಚಿದ ದಿನವೇ ಮುಂದಿನ ಬ್ರೇಕು ಹೋಯಿತೆಂದೇ ತಿಳಿಯಿರಿ. ಹಳೇ ರಿಮ್ಮಿಗೇ ಮೋಟಾರು ಕಟ್ಟೋಣವೆಂದರೆ ತೂತಿನ ಲೆಕ್ಕ ಕೂಡುವುದಿಲ್ಲ. ಹಳೇ ಸೈಕಲ್ಲಿನ ಮುಂದಿನ ಗಾಲಿಗೆ 32 ಸ್ಪೋಕು, ಹಿಂದಿನದಕ್ಕೆ 40. ಮೋಟಾರಿಗೆ ಹೆಚ್ಚಾಗಿ 36 ತೂತು. ಆದ್ದರಿಂದ ಮುಂದೆ ಬೇರೆ ಕ್ಯಾಲಿಪರ್ ಬ್ರೇಕು ಹಾಕಿಸಲೇಬೇಕು. ಕಿಟ್ಟಿನ ಜೊತೆ ಬರುವ ಬ್ರೇಕ್ ಹಿಡಿಕೆಯಲ್ಲಿ ಒಂದು ಸ್ವಿಚ್ ಇದ್ದು, ಬ್ರೇಕು ಹಿಡಿದ ತಕ್ಷಣ ಮೋಟಾರು ನಿಲ್ಲುತ್ತದೆ. ಸರಳಿನ ಹಿಡಿಕೆಯನ್ನೇ ಉಳಿಸಿಕೊಂಡು ಆ ಸ್ವಿಚ್ಚನ್ನು ಬಿಟ್ಟುಬಿಡುವವರೂ ಇದ್ದಾರೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರ್ ಎದುರಿಗೆ ಬಂದಾಗ ಆ ಸ್ವಿಚ್ಚಿನ ಬೆಲೆ ತಿಳಿಯುತ್ತದೆ.

ಬ್ಯಾಟರಿಯ ಲೆಕ್ಕ ಸುಲಭ. 36 ವೋಲ್ಟ್, 7.8 ಆಂಪಿಯರ್ ಅವರ್ ಎಂದು ಬರೆದಿದ್ದರೆ ಗುಣಿಸಿರಿ, ಸುಮಾರು 280 ವ್ಯಾಟ್ ಅವರ್ ಬರುತ್ತದೆ. ಒಂದು ಯೂನಿಟ್ ಅಂದರೆ 1000. ಪೂರ್ತಿ ಚಾರ್ಜಿಗೆ ಯೂನಿಟ್ಟಿನ ಮೂರನೇ ಒಂದು ಪಾಲು ಸಾಕು. ತುಸು ಪೆಡಲ್ ತುಳಿಯುತ್ತ ಹೋದರೆ ಕಿ.ಮೀ.ಗೆ ಸುಮಾರು 10 ವ್ಯಾಟ್ ಅವರ್ ಹಿಡಿಯುತ್ತದೆ, 25 ಕಿ.ಮೀ. ದಾಟಬಹುದು. ಹಾಲಿನ ಕ್ಯಾನು, ಎದುರುಗಾಳಿ ಇದ್ದು ತುಳಿಯದೇ ಕೂತರೆ 15ಕ್ಕೇ ನಿಂತೀತು. ಹಳೇ ಸೀಸದ ಬ್ಯಾಟರಿ ಆದರೆ ಮೂರು ಕೂಡಿ ಹತ್ತು ಹನ್ನೆರಡು ಕೆ.ಜಿ. ಆಗುತ್ತವೆ, ಲೀಥಿಯಂ ಎರಡು ಮೂರು ಕೆ.ಜಿ. ಅಷ್ಟೇ. ಈ ಲೀಥಿಯಂ ಬ್ಯಾಟರಿಗಾಗಿ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಕಿಟ್ಟಿನಲ್ಲಿ ಎಲ್ಲಕ್ಕಿಂತ ತುಟ್ಟಿ ಇದೇ, ಎಲ್ಲಕ್ಕಿಂತ ಅಪಾಯವೂ ಇದರದೇ. ತನ್ನ ಚಾರ್ಜರನ್ನೇ ಹಚ್ಚಬೇಕು. 36 ವೋಲ್ಟಿನ ಲೀಥಿಯಂಗೆ 42 ವೋಲ್ಟಿಗೆ ನಿಲ್ಲುವ ಚಾರ್ಜರ್ ಬೇಕು, 48ರದ್ದನ್ನು ಹಚ್ಚಿದರೆ ಬೆಂಕಿಗೇ ಆಹ್ವಾನ. ಕಣಕಿ ಬಣವಿ, ದನದ ಕೊಟ್ಟಿಗೆಯ ಹತ್ತಿರ, ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಡಬ್ಯಾಡ್ರಿ. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಹಚ್ಚದೇ ಆರಲು ಬಿಡಿರಿ. ಉಬ್ಬಿದ ಬ್ಯಾಟರಿಯನ್ನು ಬಿಚ್ಚಿ ನೋಡುವ ಚಾಳಿ ಬೇಡ, ಮನೆಯಿಂದ ದೂರ ಬಯಲಲ್ಲಿ ಇಡಿರಿ.

ನೀರಿನ ವಿಷಯಕ್ಕೆ ಬಂದರೆ ಮಳೆ ಹನಿಗೆ ಈ ಮೋಟಾರು ಹೆದರುವುದಿಲ್ಲ, ಮುಳುಗಿದರೆ ಕಷ್ಟ. ಕೃಷ್ಣಾ ನದಿಗೆ ನೀರು ಬಂದಾಗ ಕಲ್ಲೋಳ-ಯಡೂರ ಸೇತುವೆ ಮುಳುಗುವುದು ನಮಗೆಲ್ಲ ಗೊತ್ತು. 2019ರ ಮಹಾಪೂರವನ್ನಂತೂ ಯಾರೂ ಮರೆತಿಲ್ಲ. ನೀರು ಹರಿಯುವ ಸೇತುವೆ ದಾಟುವುದೇ ತಪ್ಪು, ಮೋಟಾರಿಗಂತೂ ಇನ್ನೂ ಕೆಟ್ಟದ್ದು. ಓಡಿ ಬಿಸಿಯಾದ ಮೋಟಾರು ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ವಾಯರ್ ಬರುವ ತೂತಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ವಾಯರನ್ನು ಕೆಳಗೆ ಜೋತು ಬಿಟ್ಟು ಆಮೇಲೆ ಮೇಲೆ ಒಯ್ಯಬೇಕು. ಆಗ ಹನಿ ಅಲ್ಲೇ ತೊಟ್ಟಿಕ್ಕುತ್ತದೆ, ಅಚ್ಚಿನೊಳಗೆ ಹೋಗುವುದಿಲ್ಲ. ಎರಿ ಮಣ್ಣಿನ ರಾಡಿಯನ್ನು ಒದ್ದೆ ಅರಿವೆಯಿಂದ ಒರೆಸಿರಿ, ಪೈಪಿನ ನೀರು ಜೋರಾಗಿ ಬಿಡಬೇಡಿರಿ.

ನನ್ನ ಕೆಲವು ಗೆಳೆಯರು ಕೇಳುವುದು ಇದ್ಯಾವುದನ್ನೂ ಅಲ್ಲ. “ಆ ಸ್ಪೀಡಿನ ವಾಯರ್ ಕತ್ತರಿಸಿದ್ರ 35 ಓಡತೈತಂತಲೋ?” ಎನ್ನುತ್ತಾರೆ. ಕೆಲವು ಕಂಟ್ರೋಲರಿನಲ್ಲಿ ಅಂಥ ವಾಯರ್ ಇರುವುದು ನಿಜ. ಆದರೆ ಕಾಯ್ದೆಯ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಮಾತ್ರ ಲೈಸೆನ್ಸು, ನಂಬರ್ ಪ್ಲೇಟು ಬೇಡ. ಅದನ್ನು ಮೀರಿದರೆ ಅದು ಮೋಟಾರು ವಾಹನ, ನಮ್ಮ ವಯಸ್ಸಿನವರು ಮುಟ್ಟುವಂತಿಲ್ಲ. ಇನ್ನು ನಿಲ್ಲಲು ಬೇಕಾದ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. 25ರ ವರ್ಗ 625, 35ರದು 1225. ಹೆಚ್ಚು ಕಡಿಮೆ ಎರಡು ಪಟ್ಟು ದೂರ, ಅದೇ ಹಳೇ ರಬ್ಬರಿನ ಬ್ರೇಕಿನಿಂದ!

ನಿಗಾ ಬಹಳ ಇಲ್ಲ. ಹಚ್ಚಿದ ಮೊದಲ ವಾರ ದಿನಾ, ಆಮೇಲೆ ವಾರಕ್ಕೊಮ್ಮೆ ಅಚ್ಚಿನ ನಟ್ಟು, ಪಟ್ಟಿಯ ಕ್ಲಾಂಪು ನೋಡಬೇಕು. ಸ್ಪೋಕುಗಳನ್ನು ಎರಡೆರಡಾಗಿ ಚಿವುಟಿ ನೋಡಿರಿ, ಸಡಿಲಾದದ್ದು ಕೈಗೆ ತಿಳಿಯುತ್ತದೆ. ಮೋಟಾರು ಭಾರವಾದ್ದರಿಂದ ಅವು ಬೇಗ ಸಡಿಲಾಗುತ್ತವೆ. ಗಾಲಿ ಹೊರಡುವಾಗ ನಡುಗಿ ಜಗ್ಗಾಡಿದರೆ ಹಾಲ್ ಸೆನ್ಸಾರಿನದೋ ಅದರ ಸಣ್ಣ ವಾಯರಿನದೋ ದೋಷ. ಕಟಕಟ ಸಪ್ಪಳ ಬಂದರೆ ಒಳಗಿನ ಹಲ್ಲು ಸವೆದಿವೆ.

ಗಾಲಿ ಕೈಯಿಂದಲೂ ತಿರುಗದಷ್ಟು ಬಿಗಿಯಾದರೆ ಹೊಸ ಮೋಟಾರು ತರಿಸುವ ಮೊದಲು ಒಂದು ಪರೀಕ್ಷೆ ಮಾಡಿರಿ. ಬ್ಯಾಟರಿ ತೆಗೆದಿಟ್ಟು, ಮೋಟಾರಿನ ಮೂರು ದಪ್ಪ ವಾಯರುಗಳನ್ನು ಕಂಟ್ರೋಲರಿನಿಂದ ಬಿಡಿಸಿ ಒಂದಕ್ಕೊಂದು ತಾಗದಂತೆ ಇಟ್ಟು, ಗಾಲಿಯನ್ನು ಹಿಂದಕ್ಕೆ ತಿರುಗಿಸಿರಿ. ಹಗುರಾದರೆ ಕೆಟ್ಟದ್ದು ಕಂಟ್ರೋಲರ್, ಅದು ಮೋಟಾರಿಗಿಂತ ಅಗ್ಗ. ಆಗಲೂ ಬಿಗಿ ಇದ್ದರೆ ದೋಷ ಮೋಟಾರಿನದೋ ಅದರ ವಾಯರಿನದೋ. ಚೆನ್ನಾಗಿರುವ ಮೋಟಾರಿನ ಆ ಮೂರು ವಾಯರುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದರೂ ಗಾಲಿ ಬಿಗಿಯಾಗುತ್ತದೆ, ಬಿಟ್ಟರೆ ಹಗುರಾಗುತ್ತದೆ. ಬ್ಯಾಟರಿಯೇ ಇಲ್ಲದೆ! ತಿರುಗುವ ಆಯಸ್ಕಾಂತ ಸುರುಳಿಯಲ್ಲಿ ಕರೆಂಟು ಹುಟ್ಟಿಸಿ, ಆ ಕರೆಂಟು ಆಯಸ್ಕಾಂತವನ್ನೇ ತಡೆಯುವುದರಿಂದ ಹೀಗಾಗುತ್ತದೆ. ಮಾಮಾನ ಅಂಗಡಿಯಲ್ಲಿ ಬಿಚ್ಚಿಟ್ಟ ಒಂದು ಗಾಲಿ ಇದೆ. ಶನಿವಾರ ಶಾಲೆ ಬಿಟ್ಟ ಮೇಲೆ ಬಂದವರಿಗೆ ಇದನ್ನು ಮಾಡಿ ತೋರಿಸುತ್ತೇನೆ.