ಸುಮ್ಮನಿದ್ದೇ ಕಂಪ್ಯೂಟರನ್ನು ಸೋಲಿಸಿದವರು!

ಮೆಟ್ರೋದಲ್ಲಿ ಸೀಟು ಸಿಕ್ಕ ಕೂಡಲೇ ಮೊಬೈಲ್ ತೆಗೆದು ಕಂಪ್ಯೂಟರ್ ಜೊತೆ ಚೆಸ್ ಆಡುವವರಲ್ಲಿ ನೀವೂ ಒಬ್ಬರಾ? ಹಾಗಿದ್ದರೆ ಈ ಅನುಭವ ನಿಮಗೂ ಆಗಿರುತ್ತದೆ. ಮೊದಲ ಹತ್ತು ನಡೆ ಚೆನ್ನಾಗೇ ಆಡಿರುತ್ತೀರಿ. ಹನ್ನೊಂದನೆಯದರಲ್ಲಿ ಕುದುರೆ ಹೋಯ್ತು, ಹದಿನೈದರಲ್ಲಿ ಆನೆ ಹೋಯ್ತು, ಇಳಿಯುವ ಸ್ಟೇಷನ್ ಬರುವಷ್ಟರಲ್ಲಿ ರಾಜನ ಕಥೆಯೂ ಮುಗೀತು. ಯಂತ್ರಕ್ಕೆ ದಣಿವಿಲ್ಲ, ಗಾಬರಿಯಿಲ್ಲ, ಕಣ್ತಪ್ಪು ಅನ್ನೋದೇ ಇಲ್ಲ. ಇದನ್ನು ಸೋಲಿಸೋದು ಹೇಗೆ?

ಈ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರವಿತ್ತು. ಅದಕ್ಕೆ ‘ಆ್ಯಂಟಿ-ಕಂಪ್ಯೂಟರ್’ ಆಟ ಅಂತಲೇ ಹೆಸರು. ಅತ್ಯುತ್ತಮ ನಡೆಯನ್ನೇ ಹುಡುಕುತ್ತಾ ಕೂರುವುದಲ್ಲ. ಯಂತ್ರಕ್ಕೆ ಅರ್ಥವಾಗದ ಆಟವನ್ನು ಹುಡುಕಿ ಆಡುವುದು.

ಪಂದ್ಯ ಕಟ್ಟಿದ ಲೆವಿ

1968ರಲ್ಲಿ ಬ್ರಿಟನ್ನಿನ ಚೆಸ್ ಆಟಗಾರ ಡೇವಿಡ್ ಲೆವಿ ಒಂದು ಪಂದ್ಯ ಕಟ್ಟಿದರು. ಇನ್ನು ಹತ್ತು ವರ್ಷದೊಳಗೆ ಯಾವ ಕಂಪ್ಯೂಟರೂ ತನ್ನನ್ನು ಸೋಲಿಸಲ್ಲ ಅಂತ. ಎದುರಿಗಿದ್ದವರು ಸಾಮಾನ್ಯರಲ್ಲ, ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಅನ್ನೋ ಹೆಸರನ್ನೇ ಕೊಟ್ಟ ಜಾನ್ ಮೆಕಾರ್ಥಿ. ಬಾಜಿ 500 ಪೌಂಡ್. ಆಮೇಲೆ ಇನ್ನಷ್ಟು ವಿಜ್ಞಾನಿಗಳು ಲೆವಿ ವಿರುದ್ಧ ದುಡ್ಡು ಕಟ್ಟಿದರು.

ಗಡುವು ಮುಗಿಯುವ ಹೊತ್ತಿಗೆ, 1978ರಲ್ಲಿ, ಟೊರಾಂಟೊದಲ್ಲಿ ಲೆವಿ ಎದುರು ಕೂತದ್ದು ‘ಚೆಸ್ 4.7’ ಎಂಬ ಪ್ರೋಗ್ರಾಂ. ಅವರ ತಂತ್ರ ಕೇಳಿದರೆ ನಗು ಬರುತ್ತೆ: ಏನೂ ಮಾಡಬೇಡ, ಆದರೆ ಅದನ್ನು ಅಚ್ಚುಕಟ್ಟಾಗಿ ಮಾಡು! ದಾಳಿಯಿಲ್ಲ, ಹೊಡೆದಾಟವಿಲ್ಲ. ಕಾಯಿಗಳನ್ನು ಭದ್ರವಾಗಿ ಜೋಡಿಸಿಕೊಂಡು ಯಂತ್ರ ತಾನಾಗಿ ಎಡವಲಿ ಅಂತ ಕಾಯುವುದು. ಮಧ್ಯೆ ಒಂದು ಆಟದಲ್ಲಿ ಮಾತ್ರ, ನೋಡೋಣ ಅಂತ, ಹೊಡೆದಾಟಕ್ಕೆ ಇಳಿದರು. ಸೋತರು. ಮುಂದಿನ ಆಟಕ್ಕೆ ಮತ್ತೆ ಸುಮ್ಮನಾದರು, ಗೆದ್ದರು. ಒಟ್ಟು 3.5–1.5. ಬಾಜಿ ಲೆವಿ ಪಾಲಾಯಿತು.

ಯಂತ್ರ ಎಡವುವುದು ಎಲ್ಲಿ?

ಚೆಸ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಸಲಕ್ಕೂ ಸುಮಾರು 30 ಆಯ್ಕೆಗಳಿರುತ್ತವೆ. ನೀವೊಂದು ನಡೆ, ಎದುರಾಳಿ ಒಂದು ನಡೆ ಅಂದರೆ ಅಷ್ಟಕ್ಕೇ ಸಾವಿರದ ಹತ್ತಿರ ಸಾಧ್ಯತೆಗಳು. ಇನ್ನೊಂದು ಸುತ್ತು ಮುಂದಕ್ಕೆ ಯೋಚಿಸಿದರೆ ಹತ್ತು ಲಕ್ಷದ ಹತ್ತಿರ. ಎಷ್ಟೇ ವೇಗದ ಯಂತ್ರವಾದರೂ ಎಲ್ಲೋ ಒಂದು ಕಡೆ ಲೆಕ್ಕ ನಿಲ್ಲಿಸಲೇಬೇಕು. ಅದರಾಚೆ ಏನಿದೆಯೋ ಅದಕ್ಕೆ ಕಾಣದು.

ಹಳೆಯ ಪ್ರೋಗ್ರಾಂಗಳು ಇಲ್ಲೇ ಸಿಕ್ಕಿಬೀಳುತ್ತಿದ್ದವು. ಆನೆ ಕಳೆದುಕೊಳ್ಳುವುದು ಖಚಿತ ಅಂತ ಕಂಡರೆ, ಒಂದು ಕಾಲಾಳು ಬಲಿ ಕೊಟ್ಟು ಆ ನಷ್ಟವನ್ನು ಸ್ವಲ್ಪ ಮುಂದೂಡುತ್ತಿದ್ದವು. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಷ್ಟ ಇಲ್ಲವಲ್ಲ, ಹಾಗಾಗಿ ಗಂಡಾಂತರ ಕಳೆಯಿತು ಅಂತ ಅವುಗಳ ಲೆಕ್ಕ! ಕ್ರೆಡಿಟ್ ಕಾರ್ಡಿನಲ್ಲಿ ಬರೀ ಮಿನಿಮಮ್ ಡ್ಯೂ ಕಟ್ಟಿ ‘ಈ ತಿಂಗಳು ಪಾರಾದೆ’ ಅಂದುಕೊಂಡ ಹಾಗೆ. ಆನೆ ಆಮೇಲೆ ಹೋಗೇ ಹೋಗುತ್ತಿತ್ತು, ಜೊತೆಗೆ ಕಾಲಾಳೂ ಹೋಗಿರುತ್ತಿತ್ತು.

ಮನುಷ್ಯ ಲೆಕ್ಕದಲ್ಲಿ ಹಿಂದೆ. ಆದರೆ ‘ನನ್ನ ಕಾಲಾಳುಗಳನ್ನು ನಿಧಾನವಾಗಿ ಈ ಮೂಲೆಯಿಂದ ನುಗ್ಗಿಸಿದರೆ ಇಪ್ಪತ್ತು ನಡೆ ಆದಮೇಲೆ ದಾರಿ ತೆರೆಯುತ್ತೆ’ ಅಂತ ಒಂದೇ ನೋಟಕ್ಕೆ ಊಹಿಸಬಲ್ಲ. ಕಾಲಾಳುಗಳು ಎದುರುಬದುರಾಗಿ ನಿಂತು ಬೋರ್ಡಿನ ನಡುವೆ ಗೋಡೆ ಕಟ್ಟಿಬಿಟ್ಟರೆ ಈ ಊಹೆಯೇ ಮುಖ್ಯವಾಗುತ್ತದೆ. ಅದಕ್ಕೇ ಆ್ಯಂಟಿ-ಕಂಪ್ಯೂಟರ್ ಆಟದ ಮೊದಲ ಪಾಠ: ಗೋಡೆ ಕಟ್ಟು. ಎರಡನೆಯದು: ಹೊಡೆದಾಟದ ಮುಖ್ಯ ಆಯುಧವಾದ ರಾಣಿಯರನ್ನು ಬೇಗ ಬೋರ್ಡಿನಿಂದ ಇಳಿಸು. 2002ರಲ್ಲಿ ಬಹ್ರೇನ್‌ನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಹೀಗೇ ಆಡಿ ‘ಡೀಪ್ ಫ್ರಿಟ್ಜ್’ ವಿರುದ್ಧ ಮೊದಲರ್ಧದಲ್ಲೇ ಎರಡು ಆಟ ಗೆದ್ದರು. ಆಮೇಲೆ ಎರಡು ಸೋತು, ಸರಣಿ 4–4ರಲ್ಲಿ ಸಮವಾಯಿತು.

ಕಾಸ್ಪರೋವ್ ಕಾಸ್ಪರೋವ್ ಆಗಿರಲಿಲ್ಲ

ಹಾಗಿದ್ದರೆ 1997ರಲ್ಲಿ ಗ್ಯಾರಿ ಕಾಸ್ಪರೋವ್ ಐಬಿಎಂನ ‘ಡೀಪ್ ಬ್ಲೂ’ಗೆ ಸೋತದ್ದು ಯಾಕೆ? ಅವರಿಗೆ ಈ ತಂತ್ರ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಿಂದಿನ ವರ್ಷ ಅದೇ ಯಂತ್ರದ ಹಳೆಯ ಆವೃತ್ತಿಯನ್ನು 4–2ರಿಂದ ಸೋಲಿಸಿದ್ದರು. ನ್ಯೂಯಾರ್ಕಿನ ಮರುಪಂದ್ಯದಲ್ಲೂ ಮೊದಲ ಆಟವನ್ನು ಇಂಥ ಕಾಯುವ ಆಟದಿಂದಲೇ ಗೆದ್ದರು.

ಕಷ್ಟ ಶುರುವಾದದ್ದು ಆಮೇಲೆ. ಎರಡನೇ ಆಟದಲ್ಲಿ ಯಂತ್ರವೇ ಮನುಷ್ಯನ ಹಾಗೆ ತಾಳ್ಮೆಯಿಂದ ಆಡಿತು. ಕಾಸ್ಪರೋವ್ ಸೋಲೊಪ್ಪಿಕೊಂಡರು, ಡ್ರಾ ಮಾಡಿಕೊಳ್ಳುವ ದಾರಿ ಇತ್ತು ಅಂತ ಆಮೇಲೆ ಗೊತ್ತಾಯಿತು. ಮೂರನೇ ಆಟದ ಮೊದಲ ನಡೆಯಲ್ಲೇ ಅವರು ರಾಣಿಯ ಮುಂದಿನ ಕಾಲಾಳನ್ನು ಒಂದೇ ಮನೆ ಮುಂದಿಟ್ಟರು. ವಿಶ್ವ ಚಾಂಪಿಯನ್ನರು ಆಡುವ ನಡೆಯಲ್ಲ ಅದು. ಯಂತ್ರದ ನೆನಪಿನಲ್ಲಿರುವ ಆರಂಭಗಳಿಂದ ಅದನ್ನು ಹೊರಗೆಳೆಯುವ ಉಪಾಯ. ಯಂತ್ರ ತನ್ನ ಪುಸ್ತಕದಿಂದ ಹೊರಬಂತು, ನಿಜ. ಆದರೆ ವರ್ಷಗಟ್ಟಲೆ ತಯಾರಿ ಮಾಡಿದ್ದ ತನ್ನ ಪುಸ್ತಕದಿಂದ ಕಾಸ್ಪರೋವ್ ಕೂಡ ಹೊರಬಂದಿದ್ದರು.

ಮೇ 11ರಂದು ಕೊನೆಯ ಆಟ. ಲೆಕ್ಕಕ್ಕೆ ಸಿಗುವ ಲಾಭವಿಲ್ಲದೆ ಕಂಪ್ಯೂಟರ್ ಕಾಯಿ ಬಲಿ ಕೊಡಲ್ಲ ಅನ್ನೋದು ಆಗಿನ ನಂಬಿಕೆ. ಆ ಆರಂಭದಲ್ಲಿ ಕುದುರೆ ಬಲಿಗೆ ಅವಕಾಶ ಕೊಡುವ ನಡೆಯನ್ನು ಕಾಸ್ಪರೋವ್ ಆಡಿದರು. ಡೀಪ್ ಬ್ಲೂ ಕುದುರೆಯನ್ನು ಕೊಟ್ಟೇಬಿಟ್ಟಿತು! ಆ ಬಲಿಯನ್ನು ಅದು ಯೋಚಿಸಿ ಕೊಡಬೇಕಿರಲಿಲ್ಲ; ತಂಡದವರು ಅದರ ಆರಂಭದ ಪುಸ್ತಕದಲ್ಲಿ ಮೊದಲೇ ತುಂಬಿಸಿಟ್ಟಿದ್ದರು. ಹತ್ತೊಂಬತ್ತು ನಡೆಗೆ ಆಟ ಮುಗಿಯಿತು. ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ತೂಗಬಲ್ಲ ಯಂತ್ರ 3.5–2.5ರಿಂದ ಗೆದ್ದಿತು.

ಆ್ಯಂಟಿ-ಕಂಪ್ಯೂಟರ್ ಆಟದಲ್ಲಿ ಜನ ಮರೆಯುವ ಮಾತು ಇದೇ. ಸ್ಥಿತಿ ಯಂತ್ರಕ್ಕೆ ಕಷ್ಟವಾದರೆ ಸಾಲದು, ನಮಗೆ ಸಲೀಸಾಗಿಯೂ ಇರಬೇಕು.

ಕಾಸ್ಪರೋವ್ ಅದನ್ನು ಆರು ವರ್ಷದ ಮೇಲೆ ತೋರಿಸಿಕೊಟ್ಟರು. 2003ರ ನವೆಂಬರ್‌ನಲ್ಲಿ ‘ಎಕ್ಸ್3ಡಿ ಫ್ರಿಟ್ಜ್’ ಜೊತೆ, ತ್ರೀಡಿ ಕನ್ನಡಕ ಹಾಕಿಕೊಂಡು, ಗಾಳಿಯಲ್ಲಿ ತೇಲುವಂತೆ ಕಾಣುವ ಬೋರ್ಡಿನ ಮೇಲೆ ಆಡಿದರು. ಮೂರನೇ ಆಟದಲ್ಲಿ ತಾವು ಚೆನ್ನಾಗಿ ಬಲ್ಲ ಆರಂಭವನ್ನೇ ಆರಿಸಿ ಗೋಡೆ ಕಟ್ಟಿದರು. ಯಂತ್ರಕ್ಕೆ ಏನು ಮಾಡಬೇಕೆಂದೇ ತೋಚಲಿಲ್ಲ, ಕಾಯಿಗಳನ್ನು ಹಿಂದೆ ಮುಂದೆ ಸರಿಸುತ್ತಾ ಕೂತಿತು. ಇತ್ತ ಕಾಸ್ಪರೋವ್ ನಿಧಾನವಾಗಿ ಒಂದು ಬದಿಯಿಂದ ನುಗ್ಗಿ ಗೆದ್ದರು. ಸರಣಿ 2–2ರಲ್ಲಿ ಸಮ.

271 ನಡೆಗಳ ತಮಾಷೆ

ಈ ಕಲೆಯ ಅತ್ಯಂತ ತುಂಟ ಉದಾಹರಣೆ 2008ರದ್ದು. ಅಮೆರಿಕದ ಹಿಕಾರು ನಕಮುರಾ ಆನ್‌ಲೈನ್‌ನಲ್ಲಿ ಆಗಿನ ಬಲಿಷ್ಠ ಪ್ರೋಗ್ರಾಂ ‘ರಿಬ್ಕಾ’ ಜೊತೆ ಮೂರು ನಿಮಿಷದ ಆಟ ಆಡಿದರು. ಗೋಡೆ ಕಟ್ಟಿ, ತನ್ನದೇ ಮೇಲುಗೈ ಅಂತ ಯಂತ್ರ ನಂಬುವ ಹಾಗೆ ಮಾಡಿ, ಸುಮ್ಮನೆ ಕಾಯಿ ಅಲ್ಲಾಡಿಸುತ್ತಾ ಕೂತರು. ಐವತ್ತು ನಡೆಗಳಲ್ಲಿ ಕಾಯಿ ಹೊಡೆಯದೆ, ಕಾಲಾಳು ಸರಿಸದೆ ಇದ್ದರೆ ಆಟ ಡ್ರಾ ಅನ್ನೋದು ನಿಯಮ. ‘ಗೆಲ್ಲುವ’ ಆಟ ಡ್ರಾ ಆಗಬಾರದು ಅಂತ ರಿಬ್ಕಾ ತಾನೇ ಗೋಡೆ ಒಡೆದುಕೊಂಡಿತು. 271 ನಡೆಗೆ ಸೋತಿತು. ಸಾಲದ್ದಕ್ಕೆ, ಕೊನೆಯ ಸಾಲು ಮುಟ್ಟಿದ ಕಾಲಾಳುಗಳಿಗೆ ರಾಣಿಯ ಬದಲು ಒಂಟೆ ಪಡೆಯುತ್ತಾ ನಕಮುರಾ ಅಣಕಿಸಿದರು!

ಬಾಗಿಲು ಮುಚ್ಚಿತಾ?

ಚೆಸ್‌ನಲ್ಲಿ ಹೆಚ್ಚೂಕಡಿಮೆ ಹೌದು. ಬಾಜಿ ಗೆದ್ದ ಲೆವಿಯೇ 1989ರಲ್ಲಿ ‘ಡೀಪ್ ಥಾಟ್’ಗೆ 4–0ರಿಂದ ಸೋತಿದ್ದರು. 2006ರಲ್ಲಿ ಬಾನ್‌ನಲ್ಲಿ ಡೀಪ್ ಫ್ರಿಟ್ಜ್ ಎದುರು ಕ್ರಾಮ್ನಿಕ್ ಮುಂದಿನ ನಡೆಯಲ್ಲೇ ಬರಲಿದ್ದ ಚೆಕ್‌ಮೇಟ್ ಗಮನಿಸದೆ ಒಂದು ಆಟ ಕಳೆದುಕೊಂಡರು; ಸರಣಿಯೂ 4–2ರಿಂದ ಯಂತ್ರದ್ದಾಯಿತು. ಈಗಿನ ‘ಸ್ಟಾಕ್‌ಫಿಶ್’ 2020ರಿಂದ ನರಜಾಲದ ನೆರವಿನಿಂದ ಸ್ಥಿತಿಯನ್ನು ತೂಗುತ್ತದೆ. ಗೋಡೆ ಕಂಡರೆ ಅದು ಹಿಂದಿನವುಗಳ ಹಾಗೆ ಕಂಗಾಲಾಗುವುದಿಲ್ಲ.

ಆದರೆ ಪಕ್ಕದ ಬೋರ್ಡ್ ನೋಡಿ. ‘ಗೋ’ ಆಟದಲ್ಲೂ ಮನುಷ್ಯನ ಕಾಲ ಮುಗಿಯಿತು ಅಂತ 2016ರಲ್ಲಿ, ಲೀ ಸೆಡಾಲ್ ‘ಆಲ್ಫಾಗೋ’ಗೆ 4–1ರಿಂದ ಸೋತಾಗ, ಎಲ್ಲರೂ ಒಪ್ಪಿದ್ದರು. 2023ರಲ್ಲಿ ಅಮೆರಿಕದ ಒಬ್ಬ ಹವ್ಯಾಸಿ ಆಟಗಾರ ‘ಕಟಾಗೋ’ ಎಂಬ ಬಲಿಷ್ಠ ಪ್ರೋಗ್ರಾಂ ವಿರುದ್ಧ 15ರಲ್ಲಿ 14 ಆಟ ಗೆದ್ದರು. ಮೂಲೆಗಳಲ್ಲಿ ಗಮನ ಸೆಳೆಯುತ್ತಾ, ಯಂತ್ರದ ಕಾಯಿಗಳ ಗುಂಪೊಂದರ ಸುತ್ತ ನಿಧಾನವಾಗಿ ಬಳೆ ತೊಡಿಸಿದ್ದೇ ತಂತ್ರ. ಆ ದೌರ್ಬಲ್ಯ ಹುಡುಕಿಕೊಟ್ಟದ್ದು ಇನ್ನೊಂದು ಪ್ರೋಗ್ರಾಂ. ಆಡುವಾಗ ಮಾತ್ರ ಅವರಿಗೆ ಕಂಪ್ಯೂಟರ್ ನೆರವಿರಲಿಲ್ಲ. ಮನುಷ್ಯ ಎದುರಾಳಿಗೆ ಸುಲಭವಾಗಿ ಕಾಣುವ ಆ ಬಳೆ ಯಂತ್ರಕ್ಕೆ ಕಾಣಲೇ ಇಲ್ಲ.

ಇವತ್ತು ಸಂಜೆ ಮೆಟ್ರೋದಲ್ಲಿ ನೀವೂ ಒಮ್ಮೆ ಲೆವಿ ಥರ ಆಡಿ ನೋಡಿ. ನಡುವೆ ಗೋಡೆ ಕಟ್ಟಿ, ರಾಣಿಯರನ್ನು ಇಳಿಸಿ, ಅವಸರ ಬಿಡಿ. ಟಾಪ್ ಲೆವೆಲ್‌ನಲ್ಲಿ ಸೋಲಂತೂ ಖಾತ್ರಿ. ಆದರೆ ನಿಮ್ಮ ಕುದುರೆ ಹನ್ನೊಂದನೇ ನಡೆಗೇ ಹೋಗೋದಿಲ್ಲ. ಇಳಿಯುವ ಸ್ಟೇಷನ್ ಬಂದಾಗಲೂ ರಾಜ ನಿಂತಿದ್ದರೆ, ಅದೂ ಒಂದು ಗೆಲುವೇ ಅಲ್ವಾ?